ಕೋಳಿಗೆ ನಾಲ್ಕು ಗ್ರಾಂ

"ಬಾಯಿ ತೆಗಿಯೇ, ಲೌಡಿ. ಇನ್ನೂ ದೊಡ್ಡದಾಗಿ. ಗಂಡನ ಜೊತೆ ಜಗಳ ಆಡೋವಾಗ ತೆಗೀತೀಯಲ್ಲ, ಹಾಗೆ. ಹಾ ಅನ್ನು."

ಅತ್ತಿಗೆ ಬಾಯಿ ತೆರೆದಳು. ಮೇಸ್ತ್ರಿ ಅವಳ ಬಾಯಿಯ ಹತ್ತಿರ ಮೂಗು ತಂದು, ಜೋರಾಗಿ ಉಸಿರೆಳೆದು, ಮುಖ ಸಿಂಡರಿಸಿ, "ಮುಂದೆ ಹೋಗು" ಎಂದ. ಅವಳ ಹಿಂದೆ ನಾನು. ನನ್ನ ಹಿಂದೆ ಮೊಟ್ಟೆ ಟ್ರೇ ಜೋಡಿಸುವ ಟ್ರೇ ಅಜ್ಜಿ. ಅಜ್ಜಿಯ ಹಿಂದೆ ಉಳಿದವರು, ಒಟ್ಟು ನಲವತ್ತು ಹೆಂಗಸರು.

ಕೋಳಿ ಫಾರಂನಲ್ಲಿ ಕೆಲಸ ಮುಗಿಸಿ ಹೊರಡುವಾಗ ದಿನಾ ಇದೇ ಮರ್ಯಾದೆ. ಒಳಗೆ ಯಾರಾದರೂ ಹಸಿ ಮೊಟ್ಟೆ ಒಡೆದು ಕುಡಿದಿದ್ದರೆ ಬಾಯಿಯ ವಾಸನೆಯಿಂದ ತಿಳಿಯುತ್ತದೆ ಎಂದು ಯಜಮಾನರಿಗೆ ಯಾರೋ ಹೇಳಿಕೊಟ್ಟಿದ್ದರು. ಮೂಸುವ ಕೆಲಸ ಮೇಸ್ತ್ರಿಗೆ ಬಿದ್ದಿತ್ತು. ಅವನನ್ನು ನಾವು ಕರೆಯುತ್ತಿದ್ದುದು ಪುಕ್ಕ ಎಂದು. ತಲೆಗೂದಲಲ್ಲಿ ಯಾವಾಗ ನೋಡಿದರೂ ಒಂದು ಬಿಳಿ ಪುಕ್ಕ ಸಿಕ್ಕಿಕೊಂಡಿರುತ್ತಿತ್ತು. ಯಜಮಾನರು ಉಫ್ ಎಂದ ಕಡೆಗೆಲ್ಲ ಅವನು ಹಾರುತ್ತಿದ್ದ.

ನಾವು ಕುಡಿಯುತ್ತಿದ್ದೆವೇ? ಕುಡಿಯದೆ ಏನು. ವಾರಕ್ಕೊಮ್ಮೆ, ಪಂಜರಗಳ ಕೊನೆಯ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿ. ಚಿಪ್ಪನ್ನು ಗೊಬ್ಬರದಲ್ಲಿ ತುಳಿದು, ಬಾಯಿಗೊಂದು ಲವಂಗ ಎಸೆದುಕೊಂಡರೆ ಮುಗಿಯಿತು. ನಮ್ಮ ಕೈ, ಕೂದಲು, ಬಟ್ಟೆ, ಕೊನೆಗೆ ಪುಕ್ಕನ ಮೀಸೆ ಕೂಡ ಅದೇ ವಾಸನೆ ಹೊಡೆಯುತ್ತಿದ್ದ ಮೇಲೆ ಯಾವುದು ಯಾರ ಬಾಯಿಯದೆಂದು ಅವನು ಹೇಗೆ ಕಂಡುಹಿಡಿಯಬೇಕು? ಆದರೂ ಮೂಸುತ್ತಿದ್ದ. ಕುಡಿಯದವಳೆಂದರೆ ಅತ್ತಿಗೆ ಒಬ್ಬಳೇ. ಆರು ತಿಂಗಳ ಬಸುರಿ. ಹಸಿ ಮೊಟ್ಟೆ ಕಂಡರೆ ವಾಕರಿಕೆ.

"ಏಯ್ ಮುದುಕಿ, ಬಾಯಿ."

ಅಜ್ಜಿ ಬಾಯಿ ತೆರೆದಳು. ಒಳಗೆ ನಾಲ್ಕು ಹಲ್ಲು. ಪುಕ್ಕ ಬಗ್ಗಿದ. ಅಜ್ಜಿ ಹೊಟ್ಟೆಯ ತಳದಿಂದ ಒಂದು ತೇಗನ್ನು ಎಳೆದು ತಂದು ಅವನ ಮೂಗಿನೊಳಗೇ ಬಿಟ್ಟಳು.

"ಥೂ, ನಿನ್ನ ಮುಖಕ್ಕಿಷ್ಟು!"

"ಅದು ಬರೀ ಗಾಳಿ ಕಣೋ ಮಗಾ. ಗಾಳಿ ಕುಡಿದು ಗಾಳಿ ಬಿಟ್ಟೆ. ಮೇಲಿಂದ ನಂಬಿಕೆ ಬರ್ಲಿಲ್ಲ ಅಂದ್ರೆ ಇನ್ನೊಂದು ಕಡೆಯಿಂದಲೂ ಬಿಡ್ತೀನಿ, ಅದನ್ನೂ ಮೂಸು."

ಸಾಲಿಗೆ ಸಾಲೇ ನಕ್ಕಿತು. ಅತ್ತಿಗೆ ಮಾತ್ರ ಗೇಟಿನ ಕಂಬ ಹಿಡಿದು ನಿಂತಿದ್ದಳು. ನಗುವಷ್ಟು ಉಸಿರು ಅವಳಲ್ಲಿ ಇರಲಿಲ್ಲ.

ಮೊಟ್ಟೆಗೆ ಅಲ್ಲಿ ಬರಗಾಲವಿತ್ತು ಅಂತ ಅಂದುಕೊಳ್ಳಬೇಡಿ. ಒಳ್ಳೆಯವು ಲಾರಿ ಹತ್ತುತ್ತಿದ್ದವು. ಅಣ್ಣ, ಅಂದರೆ ಅತ್ತಿಗೆಯ ಗಂಡ, ಆ ಲಾರಿಯ ಜೊತೆಗೇ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಿರುಕು ಬಿಟ್ಟವು ಬೇಕರಿಗೆ. ಪೂರ್ತಿ ಒಡೆದು ಲೋಳೆಯಾದವನ್ನು ಹಿತ್ತಲಿನ ಗುಂಡಿಗೆ ಸುರಿದು, ಮೇಲೆ ಫಿನೈಲ್ ಹಾಕುತ್ತಿದ್ದರು. ನಾವು ಬಳಿದುಕೊಂಡು ತಿಂದುಬಿಟ್ಟರೆ ಎಂಬ ಭಯ. ಯಜಮಾನರು ತಿನ್ನುತ್ತಿದ್ದುದು ಬಿಳಿ ಭಾಗ ಮಾತ್ರ. ಹಳದಿಯಲ್ಲಿ ಕೊಬ್ಬಿದೆ, ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂದು ಅವರ ಡಾಕ್ಟರು ಹೆದರಿಸಿದ್ದರಂತೆ. ಆ ಹಳದಿಯೆಲ್ಲ ಅವರ ಬಂಗಲೆಯ ನಾಯಿಗೆ. ನಾಯಿಯ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೊಗಳಲು ಏಳುವುದಕ್ಕೂ ಅದಕ್ಕೆ ಸೋಮಾರಿತನ.

ಅತ್ತಿಗೆಯ ಕೆಲಸ ಮೇವಿನ ಕೋಣೆಯಲ್ಲಿ. ಅಲ್ಲಿನ ಗೋಡೆಗೆ ಒಂದು ಪಟ್ಟಿ ಹೊಡೆದಿದ್ದರು: ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಎಷ್ಟು ಪ್ರೋಟೀನು, ಎಷ್ಟು ಕ್ಯಾಲ್ಸಿಯಂ, ಎಷ್ಟು ಉಪ್ಪು, ಯಾವ ಯಾವ ವಿಟಮಿನ್ನು. ಅವಳು ಏಳನೇ ಕ್ಲಾಸು ಓದಿದವಳು. ಆ ಪಟ್ಟಿ ಅವಳಿಗೆ ಬಾಯಿಪಾಠ. ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ, ಸುಣ್ಣಕಲ್ಲಿನ ಹರಳು, ಮೇಲೆ ಹಳದಿ ಡಬ್ಬಿಯ ವಿಟಮಿನ್ ಪುಡಿ. ಇಷ್ಟನ್ನೂ ತೂಗಿ, ಸಲಿಕೆಯಿಂದ ತಿರುವಿ ಹಾಕಿ, ಚೀಲಕ್ಕೆ ತುಂಬಿ ಮಧ್ಯಾಹ್ನ ಊಟಕ್ಕೆ ಬಂದು ಕುಳಿತರೆ ಅವಳ ಡಬ್ಬಿಯಲ್ಲಿ ಗಂಜಿ, ಉಪ್ಪು, ಒಂದು ಹಸಿಮೆಣಸಿನಕಾಯಿ.

"ನನ್ನ ಡಬ್ಬೀಲಿ ಉಪ್ಪೊಂದು ಪಟ್ಟಿ ಪ್ರಕಾರ ಇದೆ ಕಣೇ" ಎಂದು ಒಮ್ಮೆ ನನಗೆ ಹೇಳಿದ್ದಳು.

ಅವಳು ಬಿದ್ದದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ. ಅವತ್ತು ಏಳನೇ ಶೆಡ್ಡಿನಲ್ಲಿ ಮೊಟ್ಟೆಯ ಚಿಪ್ಪು ಕಾಗದದಷ್ಟು ತೆಳ್ಳಗಾಗಿದೆಯೆಂದು ಫೋನು ಮಾಡಿ ಕೋಳಿ ಡಾಕ್ಟರನ್ನು ಕರೆಸಿದ್ದರು. ಅವರು ಕೋಳಿಯೊಂದನ್ನು ಕಂಕುಳಲ್ಲಿ ಹಿಡಿದು ಕಾಲು ಒತ್ತಿ ನೋಡುತ್ತಿದ್ದಾಗ ಅತ್ತಿಗೆ ಮೇವಿನ ಚೀಲ ಹೊತ್ತು ಒಳಗೆ ಬಂದಳು. ಬಂದವಳು ನಿಂತಲ್ಲೇ ಕುಸಿದಳು. ಚೀಲ ಒಂದು ಕಡೆ, ಅವಳು ಒಂದು ಕಡೆ.

"ಎಬ್ಬಿಸ್ರೇ ಅವಳ್ನ! ಮೇವೆಲ್ಲ ಮಣ್ಣುಪಾಲು ಮಾಡಿದ್ಳು ಮುಂಡೇದು!" ಎಂದು ಪುಕ್ಕ ಓಡಿಬಂದು, ಕೋಳಿ ಕುಡಿಯುವ ನೀರಿನ ಡಬ್ಬ ಎತ್ತಿ ಅವಳ ಮುಖಕ್ಕೆ ಸುರಿದ. ಆಮೇಲೆ ಚೆಲ್ಲಿದ ಮೇವನ್ನು ಎರಡೂ ಕೈಯಲ್ಲಿ ಬಾಚತೊಡಗಿದ. ನಾನು ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಸಾರ್, ಇವಳ್ನೂ ಒಂಚೂರು ನೋಡಿ" ಎಂದೆ.

ಡಾಕ್ಟರು ಗಾಬರಿಯಾದರು. "ನಾನು ಕೋಳಿ ಡಾಕ್ಟರ್ ಕಣಮ್ಮಾ."

"ಇವಳೂ ಇದೇ ಶೆಡ್ಡಿನವಳು ಸಾರ್."

ಅವರು ಪುಕ್ಕನ ಕಡೆಗೊಮ್ಮೆ ನೋಡಿ, ಕೋಳಿಯನ್ನು ನನ್ನ ಕೈಗೆ ಕೊಟ್ಟು, ಮೊಣಕಾಲೂರಿ ಕುಳಿತರು. ಅತ್ತಿಗೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ಬಿಟ್ಟರು. ಬಿಳುಪಾದದ್ದು ಬಿಳುಪಾಗಿಯೇ ಉಳಿಯಿತು.

"ಮೈಯಲ್ಲಿ ರಕ್ತಾನೇ ಇಲ್ಲ. ಏನ್ ತಿಂತಾಳೆ?"

"ಗಂಜಿ."

"ಬೇಳೆ, ಕಾಳು, ಸೊಪ್ಪು, ಮೊಟ್ಟೆ..." ಎಂದು ಶುರುಮಾಡಿದವರು ಮೊಟ್ಟೆ ಎಂಬಲ್ಲಿಗೆ ಬಂದು ನಿಂತರು. ಸುತ್ತಲೂ ಪಂಜರದ ಮುಂದಿನ ತಂತಿ ತೊಟ್ಟಿಲುಗಳಲ್ಲಿ ಸಾವಿರಾರು ಮೊಟ್ಟೆಗಳು ಸಾಲಾಗಿ ಮಲಗಿದ್ದವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಅತ್ತಿಗೆ ಕಣ್ಣು ಬಿಟ್ಟಿದ್ದಳು. "ಆ ಕೋಳಿಗೆ ಏನಾಗಿದೆ ಸಾರ್?" ಎಂದು ಮಲಗಿದಲ್ಲಿಂದಲೇ ಕೇಳಿದಳು.

"ಮೇವಲ್ಲಿ ಕ್ಯಾಲ್ಸಿಯಂ ಕಮ್ಮಿ ಬಿದ್ದಿದೆ. ಚಿಪ್ಪು ಕಟ್ಟೋಕೆ ಸಾಲ್ತಾ ಇಲ್ಲ. ಮೇವಲ್ಲಿ ಸಿಗದಿದ್ರೆ ಅದು ತನ್ನ ಮೂಳೆಯಿಂದಾನೇ ತೆಗೆದು ಮೊಟ್ಟೆಗೆ ಹಾಕುತ್ತೆ. ಕೊನೆಗೆ ಕಾಲು ನಿಲ್ಲಲ್ಲ, ಕೂತ್ಬಿಡುತ್ತೆ."

"ನಾನು ಸರಿಯಾಗೇ ತೂಗಿ ಹಾಕಿದೀನಿ. ಹೋದ ವಾರ ಬಂದ ಹರಳು ಬರೀ ಮಣ್ಣು. ಮೇಸ್ತ್ರಿಗೆ ಹೇಳ್ದೆ, ಬಾಯಿ ಮುಚ್ಕೊಂಡು ಕಲಸು ಅಂದ."

ಡಾಕ್ಟರು ಚೀಟಿ ಬರೆದರು. ಏಳನೇ ಶೆಡ್ಡಿಗೆ ಹೊಸ ಹರಳು, ಹೆಚ್ಚಿಗೆ ವಿಟಮಿನ್, ಮೂರು ದಿನ ವಿಶ್ರಾಂತಿ, ಗಲಾಟೆ ಮಾಡಕೂಡದು. ಅದೇ ಮಧ್ಯಾಹ್ನ ಎಲ್ಲವೂ ಬಂತು. ಶೆಡ್ಡಿನ ಬಾಗಿಲಿಗೆ ಗೋಣಿತಾಟು ಕಟ್ಟಿ ಬೆಳಕು ತಗ್ಗಿಸಿದರು. ಒಳಗೆ ಹೋಗುವವರು ಚಪ್ಪಲಿ ಸದ್ದು ಮಾಡಬಾರದೆಂದು ಆಜ್ಞೆಯಾಯಿತು. ಅತ್ತಿಗೆಗೆ ಚೀಟಿ ಬರೆದುಕೊಡಿ ಎಂದು ನಾನು ಕೇಳಿದ್ದಕ್ಕೆ, "ನನ್ನ ಕೆಲಸ ಹೋಗುತ್ತಮ್ಮಾ" ಎಂದು ಡಾಕ್ಟರು ಸ್ಕೂಟರ್ ಹತ್ತಿದ್ದರು. ಅತ್ತಿಗೆ ಅರ್ಧ ಗಂಟೆ ಗೋಡೆಗೊರಗಿ ಕುಳಿತು, ಮತ್ತೆ ಸಲಿಕೆ ಹಿಡಿದಳು.

ಮುಂದಿನ ವಾರ ಪುಕ್ಕ ಎಲ್ಲರನ್ನೂ ಕರೆದು, ಶುಕ್ರವಾರ ಒಗೆದ ಬಟ್ಟೆ ಹಾಕಿಕೊಂಡು ಬರಬೇಕೆಂದ. ಪೌಷ್ಟಿಕ ಆಹಾರದ ಬಗ್ಗೆ ತಿಳಿವಳಿಕೆ ಕೊಡಲು ದೊಡ್ಡ ಊರಿನಿಂದ ಮೇಡಂ ಒಬ್ಬರು ಬರುವವರಿದ್ದರು. ಜೊತೆಗೆ ಫೋಟೋದವನು. ಯಜಮಾನರ ಮೊಟ್ಟೆಗೆ ಹೊಸ ಡಬ್ಬಿ ಬರಲಿತ್ತು, ಅದರ ಮೇಲೆ ಹಾಕಲು ಒಂದು ಮುಖ ಬೇಕಿತ್ತು.

ಶುಕ್ರವಾರ ಪ್ಯಾಕಿಂಗ್ ಶೆಡ್ಡನ್ನು ತೊಳೆದು ಬೆಂಚು ಹಾಕಿದರು. ಮೇಡಂ ಒಳ್ಳೆಯವರೇ. ಶೆಡ್ಡಿನ ನಾತಕ್ಕೆ ಮೂಗು ಮುಚ್ಚಿಕೊಳ್ಳಲಿಲ್ಲ, ಮುಚ್ಚಿಕೊಳ್ಳಬೇಕೆಂದು ಕೈ ಎರಡು ಸಲ ಮೇಲೆದ್ದರೂ. ಪರದೆಯ ಮೇಲೆ ಒಂದು ತಟ್ಟೆಯ ಚಿತ್ರ ಬಿತ್ತು. ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣು. ಕಾಲು ಭಾಗ ಅನ್ನ. ಇನ್ನು ಕಾಲು ಭಾಗ ಕಾಳು, ಮೀನು, ಮೊಟ್ಟೆ.

"ಆರೋಗ್ಯ ಅನ್ನೋದು ನಮ್ಮ ಆಯ್ಕೆ. ಏನು ತಿನ್ನಬೇಕು ಅಂತ ನಾವು ಯೋಚನೆ ಮಾಡ್ಬೇಕು" ಎಂದರು ಮೇಡಂ. "ಈಗ ಅಜ್ಜಿ, ನೀವು ಹೇಳಿ. ಬೆಳಿಗ್ಗೆ ಏನು ತಗೋತೀರಿ?"

"ಚಹಾ" ಎಂದಳು ಟ್ರೇ ಅಜ್ಜಿ.

"ಚಹಾ ಜೊತೆಗೆ?"

"ಲೋಟ."

ಹಿಂದಿನ ಬೆಂಚು ಕಿಸಕ್ಕೆಂದಿತು. ಮೇಡಂ ಕೂಡ ನಕ್ಕರು. "ನೋಡಿ, ಊಟದ ಜೊತೆಗೆ ಚಹಾ ಕುಡಿದ್ರೆ ಕಬ್ಬಿಣದ ಅಂಶ ಮೈಗೆ ಹತ್ತಲ್ಲ. ಒಂದು ಗಂಟೆ ಬಿಟ್ಟು ಕುಡೀಬೇಕು. ಸೊಪ್ಪು ತಿನ್ನುವಾಗ ಮೇಲೆ ನಿಂಬೆರಸ ಹಿಂಡ್ಕೊಂಡ್ರೆ ಚೆನ್ನಾಗಿ ಹತ್ತುತ್ತೆ."

"ಚಹಾ ಕುಡಿಯೋದೇ ಹಸಿವು ಸಾಯ್ಲಿ ಅಂತ ಕಣಮ್ಮಾ" ಎಂದಳು ಅಜ್ಜಿ. "ಊಟ ಇದ್ದಿದ್ರೆ ಆ ದರಿದ್ರ ನೀರು ಯಾಕೆ ಕುಡೀತಿದ್ವಿ? ನಿಂಬೆಹಣ್ಣು ಹಿಂಡ್ತೀನಿ, ಯಾತರ ಮೇಲೆ ಹಿಂಡ್ಲಿ? ಇವನ ತಲೆ ಮೇಲಾ?"

ಪುಕ್ಕ "ಮುಚ್ಚೇ!" ಎಂದ. ಯಜಮಾನರು ಮುಂದಿನ ಕುರ್ಚಿಯಲ್ಲಿ ಕುಳಿತು, ಮಕ್ಕಳ ತುಂಟತನ ನೋಡಿದವರ ಹಾಗೆ ನಗುತ್ತಿದ್ದರು.

ಆಗ ಅತ್ತಿಗೆ ಕೈ ಎತ್ತಿದಳು. ಶಾಲೆಯಲ್ಲಿ ಎತ್ತುವ ಹಾಗೆ, ಮೊಣಕೈ ನೇರ ಮಾಡಿ.

"ಮೇಡಂ, ಕೋಳಿಗೆ ದಿನಕ್ಕೆ ನಾಲ್ಕು ಗ್ರಾಂ ಕ್ಯಾಲ್ಸಿಯಂ ಬೇಕು. ಬಸುರಿಗೆ ಎಷ್ಟು ಬೇಕು?"

ಮೇಡಂಗೆ ಖುಷಿಯಾಯಿತು. "ಒಳ್ಳೇ ಪ್ರಶ್ನೆ. ಸುಮಾರು ಒಂದು ಗ್ರಾಂ."

"ಅಷ್ಟೇನಾ? ಕೋಳಿಗಿಂತ ಕಮ್ಮಿ."

"ಹೂಂ, ಅಷ್ಟು ಸಾಕು."

"ಆ ಒಂದು ಗ್ರಾಂ ಸಿಗದಿದ್ರೆ, ಮಗು ನನ್ನ ಮೂಳೆಯಿಂದ ತಗೊಳ್ಳುತ್ತಾ?"

ಮೇಡಂ ಅವಳ ಹೊಟ್ಟೆಯ ಕಡೆ ನೋಡಿದರು. "ತಗೊಳ್ಳುತ್ತೆ" ಎಂದರು. ದನಿ ಇಳಿದಿತ್ತು.

"ಹಂಗಾದ್ರೆ ನನ್ನ ಆಯ್ಕೆ ಏನು ಮೇಡಂ, ಎಡಗಾಲಾ, ಬಲಗಾಲಾ?"

ಯಜಮಾನರು ಗಡಿಯಾರ ನೋಡಿಕೊಂಡರು. "ಮೇಡಂ, ಫೋಟೋ ತೆಗೆದುಬಿಡೋಣ. ಬಿಸಿಲು ಏರ್ತಾ ಇದೆ."

ಫೋಟೋಕ್ಕೆ ಅತ್ತಿಗೆಯನ್ನೇ ಆರಿಸಿದ್ದರು. ಬಸುರಿ ಮೊಟ್ಟೆ ತಿನ್ನುವ ಚಿತ್ರವಿದ್ದರೆ ಡಬ್ಬಿ ಚೆನ್ನಾಗಿ ಹೋಗುತ್ತದಂತೆ. ಫೋಟೋದವನು ಅವಳನ್ನು ಬೆಳಕಿಗೆ ತಿರುಗಿಸಿ ನಾಲಗೆ ಲೊಚಗುಟ್ಟಿದ. "ಏನ್ ಸಾರ್ ಇದು, ಮುಖದಲ್ಲಿ ಕಳೆನೇ ಇಲ್ಲ." ಕೊನೆಗೆ ಯಜಮಾನರ ಆಫೀಸಿನ ಹುಡುಗಿಯ ತುಟಿಬಣ್ಣ ತಂದು ಅವಳ ಎರಡೂ ಕೆನ್ನೆಗೆ ತಿಕ್ಕಿದರು. ಆಗ ಕಳೆ ಬಂತು.

ಅವಳ ಮುಂದೆ ಮೇಜು. ಮೇಜಿನ ಮೇಲೆ ದೊಡ್ಡ ಪರಾತ. ಪರಾತದಲ್ಲಿ ಬೇಯಿಸಿ ಸುಲಿದ ಮೊಟ್ಟೆಗಳ ರಾಶಿ. ಇನ್ನೂ ಹಬೆಯಾಡುತ್ತಿತ್ತು. ಫೋಟೋ ಮುಗಿದ ಮೇಲೆ ಅತಿಥಿಗಳ ಊಟಕ್ಕೆ ಹೋಗಬೇಕಾದವು ಅವು. ಉಪ್ಪು, ಮೆಣಸಿನಪುಡಿ ಉದುರಿಸಿದ್ದರು. ಆ ವಾಸನೆಗೆ ನಲವತ್ತು ಹೊಟ್ಟೆಗಳು ಒಟ್ಟಿಗೆ ಗುಡುಗಿದವೆಂದರೆ ನೀವು ನಂಬಲಾರಿರಿ. ನನ್ನ ಪಕ್ಕದಲ್ಲಿ ಅಜ್ಜಿ ಜೊಲ್ಲು ನುಂಗಿದ ಸದ್ದು ಪರದೆಯ ತನಕ ಕೇಳಿಸಿರಬೇಕು.

"ಮೊಟ್ಟೆ ಬಾಯಿ ಹತ್ರ ಹಿಡಿ. ಕಚ್ಚಬೇಡ, ಕಚ್ಚಿದ್ರೆ ಚೆನ್ನಾಗಿ ಕಾಣಲ್ಲ. ನಗು. ಹಲ್ಲು ತೋರಿಸು. ಅಯ್ಯೋ, ಹೆಣದ ಹಾಗೆ ನಗ್ಬೇಡಮ್ಮಾ. ಇನ್ನೊಂದ್ಸಲ."

ಒಂದು ಸಲ, ಎರಡು ಸಲ, ಒಂಬತ್ತು ಸಲ. ಮೊಟ್ಟೆ ಬಾಯಿಯ ಹತ್ತಿರ ಹೋಗುವುದು, ಅಲ್ಲೇ ನಿಲ್ಲುವುದು, ಕೆಳಗಿಳಿಯುವುದು. ಹತ್ತನೇ ಸಲ ಮೊಟ್ಟೆ ಬಾಯಿಯ ಹತ್ತಿರ ಹೋಯಿತು. ಅತ್ತಿಗೆ ಕಚ್ಚಿದಳು.

"ಏಯ್!"

ಅವಳು ಉಳಿದರ್ಧವನ್ನೂ ಬಾಯಿಗೆ ತುರುಕಿಕೊಂಡಳು. ಎರಡೂ ಕೆನ್ನೆ ಉಬ್ಬಿದವು. ಕಣ್ಣು ಮುಚ್ಚಿ ಅಗಿದಳು. ಪುಕ್ಕ ಬೆಂಚು ಹಾರಿ ಬಂದು, ಎಡಗೈಯಲ್ಲಿ ಅವಳ ದವಡೆ ಒತ್ತಿ ಹಿಡಿದು, "ಉಗಿಯೇ, ಬೋಳಿ! ಉಗಿ!" ಎಂದು ಬಲಗೈಯ ಬೆರಳನ್ನು ಅವಳ ಬಾಯಿಗೆ ಹಾಕಿದ. ಎಲ್ಲರ ಮುಂದೆ, ಮೇಡಂ ಮುಂದೆ. ನಾನು ಎದ್ದೆ. ನಾನು ತಲುಪುವಷ್ಟರಲ್ಲೇ ಅವನು ಕಿರುಚಿದ. ಅತ್ತಿಗೆ ಬೆರಳನ್ನೂ ಕಚ್ಚಿದ್ದಳು.

ಅವನು ಕೈ ಕೊಡವುತ್ತಾ ಕುಣಿಯುತ್ತಿದ್ದ. ಅವಳು ನುಂಗಿದಳು. ಬಾಯಿ ಒರೆಸಿಕೊಂಡು ಎರಡನೆಯದನ್ನು ತೆಗೆದುಕೊಂಡಳು.

"ನಿಂದು ಬೇಡ ಬಿಡು" ಎಂದಳು ಪುಕ್ಕನಿಗೆ. "ಮೊಟ್ಟೆನೇ ರುಚಿ."

ಆಮೇಲೆ ಯಾರು ಮೊದಲು ಎದ್ದರೋ ಗೊತ್ತಿಲ್ಲ. ಅಜ್ಜಿ ಎಂದು ಎಲ್ಲರೂ ಹೇಳುತ್ತಾರೆ, ಅಜ್ಜಿಯೂ ಹಾಗೇ ಹೇಳುತ್ತಾಳೆ. ಬೆಂಚುಗಳು ಮಗುಚಿದವು. ಮೇಜಿನ ಸುತ್ತ ಕೈಯೋ ಕೈ. ಬಿಸಿಗೆ ನಾಲಗೆ ಸುಟ್ಟುಕೊಂಡವರು, ಗಂಟಲಲ್ಲಿ ಸಿಕ್ಕಿ ಬೆನ್ನಿಗೆ ಗುದ್ದಿಸಿಕೊಂಡವರು, ಮನೆಯ ಮಕ್ಕಳಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡವರು. ನಾನು ಮೂರು ತಿಂದೆ. ಹಳದಿ ಬಾಯಲ್ಲಿ ಪುಡಿಯಾಗಿ ಅಂಟಿಕೊಂಡಾಗ ಯಾಕೋ ಕಣ್ಣಲ್ಲಿ ನೀರು ಬಂತು. ಮೆಣಸಿನಪುಡಿ ಜಾಸ್ತಿಯಾಗಿತ್ತು ಎಂದು ಆಮೇಲೆ ಹೇಳಿದೆ.

ಫೋಟೋದವನು ಮಾತ್ರ ನಿಲ್ಲಿಸದೆ ಕ್ಲಿಕ್ಕಿಸುತ್ತಿದ್ದ. ಯಜಮಾನರು ಅವನ ಕ್ಯಾಮೆರಾಗೆ ಕೈ ಅಡ್ಡ ಹಿಡಿದರು. "ಇವಳೂ ಆ ಮುದುಕೀನೂ ನಾಳೆಯಿಂದ ಗೇಟಿನೊಳಗೆ ಕಾಲಿಡಕೂಡದು" ಎಂದು ಮೇಡಂಗೆ ಕಾಣದ ಹಾಗೆ ಹಲ್ಲು ಕಚ್ಚಿ ಪುಕ್ಕನಿಗೆ ಹೇಳಿದರು. ಮೇಡಂ ತಮ್ಮ ಪರದೆಯನ್ನು ತಾವೇ ಸುತ್ತುತ್ತಿದ್ದರು. ಸುತ್ತಿದ್ದನ್ನು ಕಂಕುಳಲ್ಲಿ ಇರುಕಿಕೊಂಡು ಕಾರು ಹತ್ತಿದರು.

ಮರುದಿನ ಬೆಳಿಗ್ಗೆ ಆರಕ್ಕೆ ನಾವು ನಲವತ್ತೂ ಮಂದಿ ಗೇಟಿನ ಹತ್ತಿರ ಬಂದೆವು. ಬಂದು, ಒಳಗೆ ಹೋಗದೆ, ಹೊರಗಿನ ಖಾಲಿ ಚೀಲಗಳ ಮೇಲೆ ಕುಳಿತೆವು. ಮಾತಾಡಿಕೊಂಡು ಮಾಡಿದ್ದಲ್ಲ. ಅತ್ತಿಗೆ ಮತ್ತು ಅಜ್ಜಿಯನ್ನು ಕಾವಲಿನವನು ತಡೆದ, ಅವರು ಕುಳಿತರು. ಅವರ ಹಿಂದಿದ್ದ ನಾನು ಕುಳಿತೆ. ನನ್ನ ಹಿಂದಿದ್ದವಳು ಕುಳಿತಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದ ಪುಕ್ಕ. ಬೆರಳಿಗೆ ಬಿಳಿ ಪಟ್ಟಿ. "ಹೊಟ್ಟೆ ಚುರ್ ಅಂದ್ರೆ ತಾನಾಗೇ ಬರ್ತೀರಿ."

ಅವನು ಕೋಳಿಗಳಿಗೆ ಹೇಳುವುದನ್ನು ಮರೆತಿದ್ದ. ಅವು ತಮ್ಮ ಪಾಡಿಗೆ ಇಡುತ್ತಲೇ ಇದ್ದವು. ಹತ್ತು ಗಂಟೆಗೆ ಆಫೀಸಿನವರು ಪ್ಯಾಂಟು ಮಡಚಿ ಟ್ರೇ ಹಿಡಿದು ಶೆಡ್ಡಿಗೆ ನುಗ್ಗಿದರು. ಒಬ್ಬ ವಾಂತಿ ಮಾಡಿಕೊಂಡು ಹೊರಬಂದ. ಇನ್ನೊಬ್ಬ ಟ್ರೇ ಸಮೇತ ಜಾರಿ ಬಿದ್ದ ಸದ್ದಿಗೆ ಅಜ್ಜಿ ಚಪ್ಪಾಳೆ ತಟ್ಟಿದಳು. ಹನ್ನೆರಡಕ್ಕೆ ತಂತಿ ತೊಟ್ಟಿಲುಗಳು ತುಂಬಿ, ಉರುಳಿ ಬಂದ ಹೊಸ ಮೊಟ್ಟೆಗಳು ಹಳೆಯವಕ್ಕೆ ಡಿಕ್ಕಿ ಹೊಡೆಯುವುದು ಗೇಟಿನ ತನಕ ಕೇಳಿಸುತ್ತಿತ್ತು. ಟಕ್. ಟಕ್ ಟಕ್. ಕೈತುಂಬ ಬಳೆ ತೊಟ್ಟವಳು ಎಲ್ಲೋ ಒಳಗೆ ಬಟ್ಟೆ ಒಗೆಯುತ್ತಿದ್ದಾಳೇನೋ ಎಂಬ ಹಾಗೆ.

ಎರಡನೆಯ ದಿನ ಮಧ್ಯಾಹ್ನ ಕೋಳಿ ಡಾಕ್ಟರ ಸ್ಕೂಟರ್ ಬಂತು. ಒಳಗೆ ಹೋಗಿ ಅರ್ಧ ಗಂಟೆಗೆ ಹೊರಬಂದರು. ಬೂಟು ಮೊಣಕಾಲಿನ ತನಕ ಹಳದಿ. ಗೇಟಿನ ಹತ್ತಿರ ಸ್ಕೂಟರ್ ನಿಧಾನ ಮಾಡಿ, ಯಾರ ಮುಖವನ್ನೂ ನೋಡದೆ ಹೇಳಿದರು.

"ಒಡೆದ ಮೊಟ್ಟೇನ ಕೋಳಿಗಳೇ ಕುಕ್ಕಿ ತಿನ್ನೋಕೆ ಹತ್ತಿವೆ. ಒಂದ್ಸಲ ರುಚಿ ಸಿಕ್ಕಿತು ಅಂದ್ರೆ ಆ ಚಾಳಿ ಬಿಡಿಸೋದು ಕಷ್ಟ. ನಾಳೆಯೊಳಗೆ ಮೊಟ್ಟೆ ತೆಗೀದಿದ್ರೆ ಇಡೀ ಫಾರಂ ಕೈಬಿಡುತ್ತೆ ಅಂತ ಯಜಮಾನರಿಗೆ ಹೇಳಿ ಬಂದೆ."

ಅವರು ಹೋದ ಸ್ವಲ್ಪ ಹೊತ್ತಿಗೆ ಪುಕ್ಕ ಬಂದ. ಎರಡೂ ಕೈಯಲ್ಲಿ ಪಾತ್ರೆ, ಪಾತ್ರೆಯ ಬಾಯಿಗೆ ಬಟ್ಟೆ. ನಡುಮಧ್ಯಾಹ್ನದ ಬಿಸಿಲು. ತಲೆಗೂದಲೆಲ್ಲ ಲೋಳೆಯಾಗಿ ಒಣಗಿ ಮುಳ್ಳುಮುಳ್ಳಾಗಿತ್ತು. ಪಾತ್ರೆಯನ್ನು ಅತ್ತಿಗೆಯ ಮುಂದೆ ಇಟ್ಟು ಬಟ್ಟೆ ಸರಿಸಿದ. ಬೇಯಿಸಿದ ಮೊಟ್ಟೆಗಳು. ಸುಲಿದಿರಲಿಲ್ಲ.

"ಯಜಮಾನರು ಕಳ್ಸಿದಾರೆ. ತಿನ್ನಿ. ತಿಂದು ಕೆಲ್ಸಕ್ಕೆ ಬನ್ನಿ, ಎಲ್ರೂ. ನೀನೂ, ಈ ಅಜ್ಜಿನೂ."

ಅತ್ತಿಗೆ ಒಂದನ್ನು ಕೈಗೆತ್ತಿಕೊಂಡು ಬಿಸಿ ನೋಡಿದಳು.

"ನಾಳೆ?"

"ನಾಳೆ ಏನು?"

"ನಾಳೆ ಮೊಟ್ಟೆ ಕೊಡ್ತಾರಾ? ನಾಡಿದ್ದು? ಹೆರಿಗೆ ಆದ್ಮೇಲೆ?"

ಪುಕ್ಕ ಕತ್ತು ಕೆರೆದುಕೊಂಡ. "ಅದು ನಂಗೇನ್ ಗೊತ್ತು?"

"ಗೊತ್ತಿಲ್ದಿದ್ರೆ ಕೇಳ್ಕೊಂಡು ಬಾ. ಬರೀ ಬಾಯ್ಮಾತು ಬೇಡ. ಬರೆಸ್ಕೊಂಡು ಬಾ, ಮೇವಿನ ಕೋಣೆ ಗೋಡೆಗೆ ಹೊಡೆಯೋಕೆ ಆಗ್ಬೇಕು."

ಅವನು ಅವಳನ್ನು ನೋಡಿದ, ಪಾತ್ರೆಯನ್ನು ನೋಡಿದ, ನಮ್ಮನ್ನು ನೋಡಿದ. ಬೈಗುಳವೊಂದು ತುಟಿಯ ತನಕ ಬಂದು ನಿಂತದ್ದು ನನಗೆ ಕಾಣಿಸಿತು. ಹಿಂತಿರುಗಿ ಶೆಡ್ಡುಗಳ ನಡುವಿನ ದಾರಿಯಲ್ಲಿ ಆಫೀಸಿನ ಕಡೆ ನಡೆದ. ಒದ್ದೆ ಚಪ್ಪಲಿ ಹೆಜ್ಜೆ ಹೆಜ್ಜೆಗೂ ಪಚಕ್ ಎನ್ನುತ್ತಿತ್ತು.

"ಅವನು ಬರೋ ತನಕ ಕಾಯ್ಬೇಕೇನೇ?" ಎಂದಳು ಅಜ್ಜಿ.

"ಅದಕ್ಕೆ ಕಾಯೋಣ. ಇದಕ್ಕೆ ಯಾಕೆ?" ಎಂದು ಅತ್ತಿಗೆ ಕೈಯಲ್ಲಿದ್ದ ಮೊಟ್ಟೆಯನ್ನು ಕಲ್ಲಿಗೆ ಕುಟ್ಟಿದಳು.

ಪಾತ್ರೆ ಕೈಯಿಂದ ಕೈಗೆ ಹೋಯಿತು. ಚಿಪ್ಪುಗಳನ್ನು ಗೇಟಿನ ಮುಂದೆಯೇ ಉದುರಿಸಿದೆವು. ಉಪ್ಪು ಇರಲಿಲ್ಲ. ತಳದಲ್ಲಿ ಉಳಿದ ಬಿಸಿನೀರನ್ನು ಅಜ್ಜಿ ಬೆರಳಿಂದ ಮುಟ್ಟಿ ನೋಡಿ, ಕಾಲಿಗೆ ಸುರಿದುಕೊಂಡಳು. ತಿಂದು ಮುಗಿಸಿ ಕೈ ಒರೆಸಿಕೊಂಡೆವು. ಯಾರೂ ಏಳಲಿಲ್ಲ.